ರೆಪ್ಪೆ ಮಿಟುಕಿಸದ ವೆಂಡೆಲ್

ವಿನ್ನೆಬೇಗೋ ಸರೋವರದ ದಂಡೆಯಲ್ಲಿ ಮನುಷ್ಯರು ಎರಡೇ ಬಗೆ: ಗ್ರೆಟಾಳ ಬಾರಿನ ಗೋಡೆಯ ಮೇಲೆ ಫೋಟೋ ಇರುವವರು, ಇಲ್ಲದವರು. ಫೆಬ್ರವರಿಯಲ್ಲಿ ಸರೋವರ ಹೆಪ್ಪುಗಟ್ಟಿದಾಗ ಅದರ ಮೇಲೊಂದು ಗುಡಿಸಲಿಟ್ಟು, ಮಂಜುಗಡ್ಡೆಯಲ್ಲಿ ತೂತು ಕೊರೆದು, ಆಳುದ್ದದ ಸ್ಟರ್ಜನ್ ಮೀನನ್ನು ಈಟಿಯಿಂದ ಹೊಡೆದವರಿಗೆ ಮಾತ್ರ ಆ ಗೋಡೆ. ನನ್ನವೇ ನಾಲ್ಕಿವೆ. ನಾನು ಕೊನೆಯ ಮೀನು ಎಳೆದಾಗ ಸರೋವರದ ನೀರು ಒಂದಡಿ ಇಳಿದಿತ್ತು. ಬೇಕಾದರೆ ಯಾರನ್ನಾದರೂ ಕೇಳಿ, ನನ್ನ ತಮ್ಮನೊಬ್ಬನನ್ನು ಬಿಟ್ಟು.

ವೆಂಡೆಲ್ ಪೀಟ್ಸನದು ಒಂದೂ ಇಲ್ಲ. ಅವನ ತಾತನದಿದೆ, ಅಪ್ಪನದಿದೆ. ಹೆಂಡತಿ ಲವೋನಳದೂ ಇದೆ! ಗಂಡನಿಗೆ ಸೂಪು ಕೊಡಲು ಬಂದವಳು, ಅವನು ಮೂತ್ರಕ್ಕೆಂದು ಹೊರಗೆ ಹೋದ ಗಳಿಗೆಯಲ್ಲಿ ಈಟಿ ಎತ್ತಿ ಮೀನಿಗೆ ಹಾಕಿದ್ದಳು. ಅಂದಿನಿಂದ ವೆಂಡೆಲ್ ಸೂಪು ಕುಡಿಯುವುದನ್ನೇ ಬಿಟ್ಟಿದ್ದ.

ಈ ವರ್ಷ ಶನಿವಾರ ಬೇಟೆ ಶುರುವಾಯಿತು. ಎರಡು ದಿನ ಅವನ ತೂತಿನತ್ತ ಮೀನಿನ ನೆರಳೂ ಸುಳಿಯಲಿಲ್ಲ. ಸರ್ಕಾರ ಇಂತಿಷ್ಟೇ ಮೀನು ಎಂದು ಗೊತ್ತುಮಾಡಿರುತ್ತದೆ. ಅಷ್ಟು ಬಿದ್ದವೋ, ಬೇಟೆ ಬಂದ್. ಅಂಥ ಹೊತ್ತಿನಲ್ಲಿ, ಸೋಮವಾರ ಬೆಳಿಗ್ಗೆ ಅವನು ಗ್ರೀನ್ ಬೇ ಪಟ್ಟಣದ ಫೆಡರಲ್ ಕೋರ್ಟಿಗೆ ಜ್ಯೂರಿ ಕೆಲಸಕ್ಕೆ, ಅಂದರೆ ಮೊಕದ್ದಮೆ ಕೇಳಿ ತೀರ್ಪು ಹೇಳುವ ಊರವರ ಗುಂಪಿನಲ್ಲಿ ಕೂರಲು, ಹೋಗಬೇಕಾಗಿ ಬಂತು. ಪಕ್ಕದ ಮನೆ ನಾರ್ಬರ್ಟನಿಗೂ ಅದೇ ಕರೆ. ಇಬ್ಬರೂ ಒಂದೇ ಟ್ರಕ್ಕಿನಲ್ಲಿ ಹೊರಟರು.

"ಹೆದರ್ಬೇಡ್ವೋ ಮಾರಾಯ," ಎಂದ ನಾರ್ಬರ್ಟ್, ದಾರಿಯುದ್ದಕ್ಕೂ ಡೋನಟ್ ಅಗಿಯುತ್ತ. "ಜ್ಯೂರಿಯಿಂದ ತಪ್ಪಿಸ್ಕೊಳ್ಳೋದು ನೀರು ಕುಡಿದಷ್ಟು ಸುಲಭ. ಕಿವಿ ಕೇಳ್ಸಲ್ಲ ಅನ್ನು."

"ಅದಾಗ್ಲಿಲ್ಲ ಅಂದ್ರೆ?"

"ಕಕ್ಷಿದಾರರನ್ನ ಬೈದುಬಿಡು. ವಕೀಲರೇ ನಿನ್ನ ಬಾಗಿಲವರ್ಗೂ ಬಿಟ್ಟು ಬರ್ತಾರೆ."

ಮೊದಲ ಮೊಕದ್ದಮೆ ಸಿವಿಲ್. ಚೀಸ್ ತುರಿಯುವ ಯಂತ್ರ ತನ್ನದೇ ಕಲ್ಪನೆ ಎಂದು ಎರಡು ಕಂಪನಿಗಳು ಹೋರಾಡುತ್ತಿದ್ದವು. ಎರಡೂ ಕಡೆ ಸೇರಿ ಎಷ್ಟು ವಕೀಲರಿದ್ದರೆಂದರೆ, ಅವರೆಲ್ಲ ಒಟ್ಟಿಗೆ ಎದ್ದು ನಿಂತಾಗ ಆ ಗಾಳಿಗೆ ಬಾವುಟ ಹಾರಾಡಿತು. ವೆಂಡೆಲನನ್ನು ಜ್ಯೂರಿ ಕಟಕಟೆಯ ಏಳನೇ ಕುರ್ಚಿಯಲ್ಲಿ ಕೂರಿಸಿದರು.

"ಏನಾದ್ರೂ ತೊಂದರೆ ಇದೆಯೇನ್ರೀ?" ಕೇಳಿದರು ಬಿಳಿಮೀಸೆಯ ಜಡ್ಜು.

"ಕಿವಿ ಕೇಳ್ಸಲ್ಲ ಸ್ವಾಮೀ!" ವೆಂಡೆಲ್ ಕೂಗಿದ.

ಜಡ್ಜು ಕಡತದಿಂದ ತಲೆ ಎತ್ತದೆ, ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸಣ್ಣಗೆ ಕೇಳಿದರು: "ನಿನ್ನೆ ನಿಮ್ಮ ದಂಡೇಲಿ ಎಷ್ಟು ಮೀನು ಬಿತ್ತು?"

"ಹನ್ನೊಂದು ಸ್ವಾಮಿ. ಅದರಲ್ಲೊಂದು ನಮ್ಮಜ್ಜನಷ್ಟು ಉದ್ದ—" ಎಂದವನು ಬಾಯಿ ಮುಚ್ಚಿಕೊಂಡ. ಹಿಂದಿನ ಬೆಂಚಿನಲ್ಲಿ ನಾರ್ಬರ್ಟ್ ಹಣೆ ಚಚ್ಚಿಕೊಂಡ.

ಇನ್ನುಳಿದದ್ದು ಬೈಗುಳ. ಚೀಸ್ ಬಗ್ಗೆ ಏನಾದರೂ ಅಭಿಪ್ರಾಯವಿದೆಯೇ ಎಂದು ವಕೀಲನೊಬ್ಬ ಕೇಳಿದ್ದೇ ತಡ, ವೆಂಡೆಲ್ ಎದ್ದು ನಿಂತ. "ಇಬ್ರೂ ಕಳ್ರೇ! ನಮ್ಮಮ್ಮ ಎಂಬತ್ತರ ಪ್ರಾಯದಲ್ಲೂ ಕೈಯಲ್ಲೇ ತುರೀತಿದ್ಲು. ಚೀಸ್ ತುರಿಯೋಕೆ ಯಂತ್ರ ಕೇಳೋ ಸೋಮಾರಿಗಳನ್ನ ಇಬ್ರನ್ನೂ ಜೈಲಿಗೆ ಹಾಕಿ!"

ಅಷ್ಟು ಹೊತ್ತು ಹಾವು ಮುಂಗುಸಿಯಂತಿದ್ದ ಎರಡೂ ಕಡೆಯ ವಕೀಲರು ಮೊದಲ ಸಲ ಒಂದೇ ದನಿಯಲ್ಲಿ ಹೇಳಿದರು: "ಈತ ಬೇಡ!"

ವೆಂಡೆಲ್ ಹಾರುತ್ತ ಇಳಿದ. ಖಾಲಿಯಾದ ಏಳನೇ ಕುರ್ಚಿಗೆ ಮುಂದಿನ ಹೆಸರು ಕೂಗಿದರು: ನಾರ್ಬರ್ಟ್! ಡೋನಟ್ ಅವನ ಗಂಟಲಲ್ಲೇ ನಿಂತಿತು. ಕಿವಿ, ಬೈಗುಳ ಎರಡೂ ಉಪಾಯ ಖರ್ಚಾಗಿ ಹೋಗಿದ್ದವು. ಪಾಪ, ಹೋಗಿ ಕೂತ.

ಒಳಗೊಳಗೇ ನಗುತ್ತ ಕೋಟು ಹಾಕಿಕೊಳ್ಳುತ್ತಿದ್ದ ವೆಂಡೆಲನ ತೋಳನ್ನು ಕೋರ್ಟಿನ ಗುಮಾಸ್ತೆ ಹಿಡಿದಳು. "ಎಲ್ಲಿಗೆ ಹೊರಟ್ರಿ? ಅಲ್ಲಿ ಬೇಡ ಅಂದ್ರೆ ಮನೆಗೆ ಅಂತಲ್ಲ. ಎದುರುಗಡೆ ಕ್ರಿಮಿನಲ್ ಕೇಸಿಗೆ ಜನ ಬೇಕು, ನಡೀರಿ."

ಅಲ್ಲಿ ಆರೋಪಿ, ವಿಮೆಯ ಆಸೆಗೆ ಸ್ವಂತ ದೋಣಿಗಳನ್ನು ತಾನೇ ಮುಳುಗಿಸಿದ ಮಹಾಶಯ. ಮೊಕದ್ದಮೆ ಐದು ವಾರ ನಡೆಯುತ್ತದೆಂದು ಕೇಳಿ ವೆಂಡೆಲ್ ಬೆರಳು ಮಡಚಿ ಎಣಿಸಿದ: ಅಷ್ಟರಲ್ಲಿ ಬೇಟೆಯೇ ಮುಗಿದಿರುತ್ತದೆ. ಸುಳ್ಳಿನ ಚೀಲ ಖಾಲಿ. ನಿಜವನ್ನೇ ಹೇಳಿಬಿಡೋಣ ಎಂದುಕೊಂಡ. ನಾನಾಗಿದ್ದರೆ ಅಂಥ ಅಪಾಯಕ್ಕೆ ಕೈ ಹಾಕುತ್ತಿರಲಿಲ್ಲ.

"ಅಮ್ಮಾವ್ರೇ, ನನ್ನನ್ನ ಬಿಟ್ಬಿಡಿ. ನಾನು ಹೋಗಿ ತೂತು ನೋಡ್ಬೇಕು."

ಆ ಕೋಣೆಯ ಜಡ್ಜಮ್ಮ ಹಾಲ್ವರ್ಸನ್ ಕನ್ನಡಕ ಸರಿಸಿದರು. "ಏನು ನೋಡ್ಬೇಕು?"

"ತೂತು. ಕತ್ತಲೆ ಗುಡಿಸಲಲ್ಲಿ ಕೂತು ನೀರೊಳಗೆ ನೋಡೋದು. ಬೆಳಿಗ್ಗೆಯಿಂದ ಒಂದು ಗಂಟೆವರ್ಗೂ."

"ಏನು ಕಾಣುತ್ತೆ?"

"ಏನೂ ಕಾಣಲ್ಲ."

"ಎಷ್ಟು ವರ್ಷದಿಂದ?"

"ಮದುವೆಗೂ ಮುಂಚಿನಿಂದ."

"ನಿದ್ದೆ ಬರಲ್ವೇ?"

"ನಿದ್ದೆನಾ?" ವೆಂಡೆಲನಿಗೆ ರೇಗಿತು. "ರೆಪ್ಪೆ ಹೊಡೆದ್ರೆ ಮೀನು ಹೋಯ್ತು ಅಮ್ಮಾವ್ರೇ! ಅಲುಗಾಡಂಗಿಲ್ಲ, ಮಾತಾಡಂಗಿಲ್ಲ, ಸೂಪೂ ಕುಡಿಯಲ್ಲ ನಾನು!"

ಸರ್ಕಾರಿ ವಕೀಲ ಮುಂದಕ್ಕೆ ಬಾಗಿದ, ಆರೋಪಿಯ ವಕೀಲೆಯೂ ಬಾಗಿದಳು. ಜಡ್ಜಮ್ಮನ ಕಣ್ಣಲ್ಲಿ ನೀರಾಡಿತು. "ಇಷ್ಟು ವರ್ಷದಲ್ಲಿ ಎಂತೆಂಥ ಗೊರಕೆ ಕೇಳಿದ್ದೀನಿ ಈ ಜ್ಯೂರಿ ಕಟಕಟೆಯಿಂದ! ಐದು ವಾರ ಬ್ಯಾಂಕ್ ಲೆಕ್ಕ ಓದಿದ್ರೂ ಎಚ್ಚರವಾಗಿರೋ ಮನುಷ್ಯ ಸಿಕ್ಕಿದಿರಲ್ಲ. ಕೂತ್ಕೊಳ್ಳಿ ಪೀಟ್ಸ್. ನಿಮಗೆ ಮೊದಲನೇ ಕುರ್ಚಿ."

"ಮೀನು?"

"ಶನಿವಾರ ಕೋರ್ಟಿಗೆ ರಜೆ. ಮೀನು ಎಲ್ಲಿಗೆ ಹೋಗುತ್ತೆ?"

ಅದೂ ಸರಿಯೆನಿಸಿತು. ಕುರ್ಚಿಯೂ ಮೆತ್ತಗಿತ್ತು. ಗುಡಿಸಲಿನಲ್ಲಿ ಅವನು ಕೂರುವುದು ಬಕೆಟ್ಟಿನ ಮೇಲೆ. ಇಲ್ಲಿ ಕಾಲಿಗೆ ಬಿಸಿ ಗಾಳಿ ಬೇರೆ. ಇಡೀ ಮಧ್ಯಾಹ್ನ ವೆಂಡೆಲ್ ಆರೋಪಿಯನ್ನೇ ದಿಟ್ಟಿಸಿದ. ಸಂಜೆಯ ಹೊತ್ತಿಗೆ ಆ ಮನುಷ್ಯ ಬೆವರಿ, ಮುಳುಗಿಸದ ದೋಣಿಗಳನ್ನೂ ಒಪ್ಪಿಕೊಳ್ಳುವಂತಾಗಿದ್ದ.

ಕೋರ್ಟು ಎದ್ದಾಗ ನಾರ್ಬರ್ಟನ ಟ್ರಕ್ಕು ಕಾಣಲಿಲ್ಲ. ವೆಂಡೆಲ್ ಅವರಿವರ ಗಾಡಿ ಹಿಡಿದು ಊರು ಮುಟ್ಟಿದ. ಗ್ರೆಟಾಳ ಬಾರಿನಿಂದ ಬೀದಿಗೆಲ್ಲ ಗದ್ದಲ ಕೇಳುತ್ತಿತ್ತು. ಒಳಗೆ ನಾರ್ಬರ್ಟ್, ಕೆಂಪಗೆ, ಮೇಜಿನ ಮೇಲೆ ನಿಂತಿದ್ದ.

"ಬಾರೋ ದೊರೆ! ನೀನು ಎದುರು ಕೋಣೆಗೆ ಹೋದೆ ನೋಡು, ಹಿಂದೇನೇ ಆ ಚೀಸಿನವರು ರಾಜಿಯಾದ್ರು! ನಿನ್ನ ಬೈಗುಳ ಕೇಳಿ ಎರಡು ಕಂಪನಿಗೂ ಗಾಬರಿ ಆಯ್ತಂತೆ. ಜ್ಯೂರಿ ಜನವೆಲ್ಲ ಹಿಂಗಿದ್ರೆ ನಮ್ಗೇನು ಗತಿ ಅಂತ. ಕಟಕಟೇಲಿದ್ದ ನಮ್ಮನ್ನೆಲ್ಲ ಆಗ್ಲೇ ಮನೆಗೆ ಕಳಿಸ್ಬಿಟ್ರು!"

"ಅಂದ್ರೆ ನಾನು ಏಳನೇ ಕುರ್ಚಿಲೇ ಕೂತಿದ್ರೆ..."

"ಹನ್ನೊಂದೂವರೆಗೆ ಸರೋವರದ ಮೇಲಿರ್ತಿದ್ದೆ. ನಾನಿದ್ದೆ! ನಿನ್ನ ತೂತು ಹೆಪ್ಪುಗಟ್ಟೀತು ಪಾಪ, ಸ್ವಲ್ಪ ಒಡೆದು ಹೋಗೋಣ ಅಂತ ನಿನ್ನ ಗುಡಿಸಲಿಗೆ ನುಗ್ಗಿದೆ ಕಣೋ..." ನಾರ್ಬರ್ಟ್ ಎರಡೂ ಕೈ ಚಾಚಿದ. ಕೈ ಸಾಲಲಿಲ್ಲ.

"ನನ್ನ ತೂತಲ್ಲಿ?"

"ನಿನ್ನ ತೂತಲ್ಲೇ! ಇನ್ನೊಂದು ವಿಷ್ಯ. ಸರ್ಕಾರ ಹೇಳಿದ ಲೆಕ್ಕ ಈ ಮೀನಲ್ಲೇ ಮುಗೀತಂತೆ. ಈ ವರ್ಷದ ಬೇಟೆ ಬಂದ್."

ವೆಂಡೆಲ್ ಬಕೆಟ್ಟಿನ ಮೇಲೆ ಕೂರುವಂತೆ ಸ್ಟೂಲಿನ ಮೇಲೆ ಕೂತ. ಅಲ್ಲೇ ಇದ್ದ ಹೆಂಡತಿ ಲವೋನ್ ಅವನ ಮುಂದೆ ಬಿಸಿ ಸೂಪಿನ ಬಟ್ಟಲಿಟ್ಟಳು. "ಕುಡೀರಿ. ಇನ್ನೇನು ತಪ್ಪಿಹೋಗೋ ಮೀನಿಲ್ಲ."

ಅವನು ಕುಡಿದ. ಚೆನ್ನಾಗಿತ್ತು. ಇಷ್ಟು ವರ್ಷ ಸುಮ್ಮನೆ ಬಿಟ್ಟೆನಲ್ಲ ಎನಿಸಿತು.

ಆಗ ಗ್ರೆಟಾ ಗೋಡೆಗೆ ಹೊಸ ಫೋಟೋ ಬಡಿದಳು. ಮೀನನ್ನು ತಬ್ಬಿಕೊಂಡ ನಾರ್ಬರ್ಟ್, ಅವನ ಬೆನ್ನಿಗೆ ಗುಡಿಸಲು. ಪ್ರತಿ ಗುಡಿಸಲಿನ ಬಾಗಿಲ ಮೇಲೂ ಒಡೆಯನ ಹೆಸರಿರಬೇಕೆಂಬುದು ನಮ್ಮಲ್ಲಿನ ಕಾನೂನು. ನಾರ್ಬರ್ಟನ ಮುಖ ಮೀನಿನ ಬಾಲದ ಹಿಂದೆ ಅರ್ಧ ಮುಚ್ಚಿಹೋಗಿತ್ತು. ಬಾಗಿಲ ಮೇಲಿನ ಅಕ್ಷರಗಳು ಮಾತ್ರ ಬೀದಿಯಾಚೆಯಿಂದಲೂ ಓದುವಷ್ಟು ದಪ್ಪಗೆ ಬಿದ್ದಿದ್ದವು: ವೆಂಡೆಲ್ ಪೀಟ್ಸ್.

ವೆಂಡೆಲ್ ಸೂಪಿನ ಚಮಚ ಬಾಯಲ್ಲೇ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತ. ಬಾರು ಮುಚ್ಚುವವರೆಗೆ ಒಮ್ಮೆಯೂ ರೆಪ್ಪೆ ಹೊಡೆಯಲಿಲ್ಲ.