ಚಿಕ್ಕಪ್ಪನ ಫ್ರೆಂಚ್ ಮಾರ್ಕೆಟ್

ಫ್ರೆಂಚರ ತಿಂಡಿಗಳ ಬಗ್ಗೆ ನಮ್ಮ ಚಿಕ್ಕಪ್ಪನಷ್ಟು ತಿಳಿದವರು ಇಡೀ ನೈರೋಬಿಯಲ್ಲಿ ಇನ್ನೊಬ್ಬರಿರಲಿಲ್ಲ. ಅವುಗಳಲ್ಲಿ ಒಂದನ್ನೂ ಅವರು ತಿಂದಿರಲಿಲ್ಲ!

ಚಿಕ್ಕಪ್ಪ ಎಂದರೆ ನನ್ನ ಯಜಮಾನರ ಚಿಕ್ಕಪ್ಪ. ಪಂಗಾನಿ ಬಡಾವಣೆಯಲ್ಲಿ ನಮ್ಮ ಮೇಲಿನ ಮಹಡಿಯಲ್ಲೇ ಇದ್ದರು. ಶಾಲೆಯೊಂದರಲ್ಲಿ ಫ್ರೆಂಚ್ ಮೇಷ್ಟ್ರು. ಪ್ರಾಯದಲ್ಲಿ ತರಬೇತಿಗೆಂದು ಮೂರು ತಿಂಗಳು ಪ್ಯಾರಿಸ್ಸಿನಲ್ಲಿದ್ದು, ಅಲ್ಲಿನ ಹಳೆಯ ಮಾರುಕಟ್ಟೆಯ ಬೀದಿಗಳನ್ನು ದಿನವೂ ನಡೆದು ಸುತ್ತಿದ್ದರಂತೆ.

"ನೀವು ಸಸ್ಯಾಹಾರಿ. ಅಲ್ಲಿ ಏನು ತಿಂದಿರಿ?" ಎಂದು ಕೇಳಿದ್ದೆ.

"ಬ್ರೆಡ್ಡು, ದ್ರಾಕ್ಷಿ ಹೊಟ್ಟೆಗೆ. ಉಳಿದದ್ದೆಲ್ಲ ಮೂಗಿಗಮ್ಮ!"

ಆಗ ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಮದುವೆಯಾಗಿ ಬಂದ ಐದನೇ ವಾರ, ಮಟಾಟು ವ್ಯಾನಿಗೆ ಕಾಯುತ್ತಿದ್ದಾಗ, ಹಿಂದಿನಿಂದ ಒಂದು ಕೈ ಬಂದು ಕತ್ತಿನ ಸರ ಕಿತ್ತುಕೊಂಡು ಹೋಯಿತು. ಮುಖ ನೋಡಲಿಲ್ಲ. ಕೈ ತಣ್ಣಗಿತ್ತು, ಅಷ್ಟೇ ಗೊತ್ತು. ಆಮೇಲೆ ಏಳು ವಾರ ನಾನು ಮನೆಯ ಗ್ರಿಲ್ ಬಾಗಿಲು ದಾಟಲಿಲ್ಲ. ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋಗುವಾಗಲೂ ಬೆನ್ನು ಗೋಡೆಗೆ. ಏಡಿಯ ಹಾಗೆ ಅಡ್ಡಡ್ಡ ನಡಿಗೆ!

ಕೊನೆಗೊಂದು ದಿನ ಯಜಮಾನರು, "ಹೀಗೇ ಆದರೆ ನೀನು ಊರಿಗೆ ಹೋಗಿಬಿಡು. ಟಿಕೆಟ್ ವಿಚಾರಿಸ್ತೀನಿ" ಎಂದರು. ಸಿಟ್ಟಿನಿಂದಲ್ಲ, ಸೋತು ಹೇಳಿದರು. ಅವರನ್ನು ಬಿಟ್ಟು ಹೋಗಲಾರೆ, ಬಾಗಿಲು ದಾಟಲಾರೆ. ನಾನೇನು ಮಾಡಲಿ?

ಸುದ್ದಿ ಮೇಲಿನ ಮಹಡಿಗೆ ಮುಟ್ಟಿತು. ಚಿಕ್ಕಪ್ಪ ಇಳಿದು ಬಂದರು.

"ಟಿಕೆಟ್ ಆಮೇಲೆ ನೋಡೋಣ. ಶನಿವಾರ ಬೆಳಿಗ್ಗೆ ನನ್ನ ಜೊತೆ ಮಾರ್ಕೆಟ್ಟಿಗೆ ಬಾ. ಫ್ರೆಂಚರ ಹಾಗೆ ನಡೀತಾ, ತಿಂತಾ."

"ಕಾರಿನಲ್ಲಿ ಹೋಗಬಾರದೇ ಚಿಕ್ಕಪ್ಪ?"

"ಗಾಜು ಏರಿಸಿಕೊಂಡು ಕೂತರೆ ವಾಸನೆ ಬರುತ್ತೇನೆ?"

ಮನೆಯಿಂದ ಮಾರುಕಟ್ಟೆಗೆ ಸಾವಿರದ ನೂರ ನಲವತ್ತು ಹೆಜ್ಜೆ. ಎಣಿಸಿದ್ದೇನೆ. ಎಣಿಸದಿದ್ದರೆ ಕಿರುಚಿಬಿಡುತ್ತಿದ್ದೆ.

ಕಲ್ಲಿನ ಕಂಬ, ತಗಡಿನ ಮಾಡು, ಕಾಲಡಿ ಕೆಸರು. ಚಿಕ್ಕಪ್ಪ ಮಾತ್ರ ಪ್ಯಾರಿಸ್ಸಿನಲ್ಲಿದ್ದರು! ಎದುರಾದ ಪ್ರತಿ ಅಂಗಡಿಯವಳಿಗೂ ಟೋಪಿ ತೆಗೆದು "ಬೊಂಜೂರ್, ಮಾಮಾ!" ಎನ್ನುವರು. ಅವರೂ ನಗುತ್ತ, "ಬೊಂಜೂ, ಮ್ಜೀ!" ಎನ್ನುವರು. ಬೊಂಜೂರ್ ಫ್ರೆಂಚರ ನಮಸ್ಕಾರ; ಹೆಂಗಸರನ್ನು ಅಲ್ಲಿ ಮಾಮಾ, ಹಿರಿಯರನ್ನು ಮ್ಜೀ ಎಂದೇ ಕರೆಯುವುದು.

"ಇದು ಚೀಸಿನ ಬೀದಿ" ಎಂದರು.

"ಚಿಕ್ಕಪ್ಪ, ಇದು ಈರುಳ್ಳಿ."

"ಅಲ್ಲಿ ಇದೇ ಜಾಗದಲ್ಲಿ ಚೀಸು. ನೀನು ಸ್ವಲ್ಪ ಕಲ್ಪಿಸಿಕೋ."

ನಾನು ಕಲ್ಪಿಸಿಕೊಳ್ಳುತ್ತಿದ್ದುದು ತಣ್ಣನೆಯ ಕೈಗಳನ್ನು. ಸೆರಗನ್ನು ಕತ್ತಿಗೆ ಎರಡು ಸುತ್ತು ಸುತ್ತಿಕೊಂಡಿದ್ದೆ. ಗಡ್ಡೆ ಮಾರುವವಳು ಕೊಟ್ಟ ಬೇಯಿಸಿದ ಕೆಸುವಿನ ಹೋಳನ್ನು ಬಾಯಿಗಿಟ್ಟರೆ ನುಂಗಲು ಜಾಗವೇ ಇಲ್ಲ!

ಮುಂದಿನದು ಮೇಕೆ ತಲೆಯ ಸೂಪಿನ ಹಂಡೆ. ಅಂಗಡಿಯವನು ತಾನಾಗಿಯೇ ಮುಚ್ಚಳ ತೆಗೆದ. ಚಿಕ್ಕಪ್ಪ ಬಗ್ಗಿ, ಕಣ್ಣು ಮುಚ್ಚಿ, ಒಮ್ಮೆ ದೀರ್ಘವಾಗಿ ಮೂಸಿದರು. ಕನ್ನಡಕ ಮಂಜಾಯಿತು. "ಉಪ್ಪು ಒಂದು ಚೂರು ಕಮ್ಮಿ" ಎಂದರು. ಅವನು ಉಪ್ಪು ಹಾಕಿದ!

ನಾನು ನಕ್ಕೆ. ಏಳು ವಾರದಲ್ಲಿ ಮೊದಲ ಸಲ.

ಆ ನಗು ಮುಗಿಯುವಷ್ಟರಲ್ಲಿ ಬೊಬ್ಬೆ ಎದ್ದಿತು: "ಮ್ವೀಜಿ! ಮ್ವೀಜಿ!" ಕಳ್ಳ, ಕಳ್ಳ. ಒಬ್ಬ ಓಡಿದ. ಅವನ ಹಿಂದೆ ಹತ್ತು ಜನ, ಆಮೇಲೆ ಎಷ್ಟೋ ಜನ. ಕೆಲವರ ಕೈಯಲ್ಲಿ ಕಲ್ಲಿತ್ತು. ಭುಜ, ಮೊಣಕೈ, ಬುಟ್ಟಿ, ಎಲ್ಲ ಸೇರಿ ನನ್ನನ್ನು ಎತ್ತಿಕೊಂಡು ಹೋದವು. ಕಾಲು ನೆಲಕ್ಕೆ ತಾಗಿದಾಗ ಗೇಟಿನ ಪಕ್ಕದ ಕಂಬವನ್ನು ಅಪ್ಪಿಕೊಂಡಿದ್ದೆ. ಆ ಓಡಿದವನು ಸಿಕ್ಕಿದನೇ, ಸಿಕ್ಕಿ ಏನಾದ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯಲಾರೆ.

ಚಿಕ್ಕಪ್ಪ ಇರಲಿಲ್ಲ.

ಎಡಕ್ಕೆ ಗೇಟು, ಗೇಟಿನಾಚೆ ಮನೆಯ ದಾರಿ. ಬಲಕ್ಕೆ ಮಾರುಕಟ್ಟೆ. ಓಡಬೇಕೆಂದು ಕಾಲು ಎಡಕ್ಕೇ ತಿರುಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅರವತ್ತು ದಾಟಿದ ಆ ಮನುಷ್ಯ ನೆಲಕ್ಕೆ ಬಿದ್ದಿದ್ದರೆ?

ಬಲಕ್ಕೆ ತಿರುಗಿದೆ.

ನನಗೆ ಬರುತ್ತಿದ್ದ ಸ್ವಾಹಿಲಿ ಐದಾರು ಪದ. "ವಾಪಿ?" ಎಂದರೆ ಎಲ್ಲಿ. ಈರುಳ್ಳಿಯವಳ ಮುಂದೆ ನಿಂತು, "ಬೊಂಜೂ ಮ್ಜೀ, ವಾಪಿ?" ಎಂದೆ. ಅವಳು ಗದ್ದದಿಂದ ಒಳಗೆ ತೋರಿಸಿದಳು. ಗಡ್ಡೆಯವಳು ನನ್ನ ಮುಖ ನೋಡಿ ಕೈಗೆ ಇನ್ನೊಂದು ಹೋಳು ಕೊಟ್ಟು ಮುಂದೆ ಕಳಿಸಿದಳು. ಸೂಪಿನವನಿಗೆ ನನ್ನ ಮಾತು ತಿಳಿಯಲಿಲ್ಲ. ಕಣ್ಣು ಮುಚ್ಚಿ, ಬಗ್ಗಿ, ಜೋರಾಗಿ ಮೂಸಿ ತೋರಿಸಿದೆ. "ಆಹಾ!" ಎಂದವನೇ ಹಿಂದಿನ ಓಣಿಗೆ ಬೆರಳು ಮಾಡಿದ. ತುಂಬಿದ ಸಂತೆಯಲ್ಲಿ ಖಾಲಿ ಗಾಳಿ ಮೂಸಿದ ಹೆಂಗಸು ನಾನೊಬ್ಬಳೇ ಇರಬೇಕು!

ಓಣಿಯಲ್ಲಿ ಮಂದಾಜಿ ಬೋಂಡ ಕರಿಯುವವಳ ಒಲೆಯ ಹಿಂದೆ, ಮಗುಚಿಟ್ಟ ಪೆಟ್ಟಿಗೆಯ ಮೇಲೆ ಚಿಕ್ಕಪ್ಪ ಕೂತಿದ್ದರು. ಟೋಪಿ ಇಲ್ಲ. ಕನ್ನಡಕ ಸೊಟ್ಟ.

"ಎಲ್ಲಿ ಹೋಗಿದ್ರಿ? ನನ್ನ ಜೀವ ಹೋಯಿತು!" ಎಂದು ಗದರಿದೆ. ಹಿರಿಯರನ್ನು ಗದರಿದ್ದು ಅದೇ ಮೊದಲು.

"ಕಾಲು ನೋಡ್ಕೋ" ಎಂದರು.

ನೋಡಿಕೊಂಡೆ. ಎಡಗಾಲು ಬರಿಗಾಲು. ಕೆಸರು, ಕೋಸಿನ ಎಲೆ. ಇಷ್ಟು ದೂರ ಹಾಗೇ ನಡೆದು ಬಂದಿದ್ದೆ, ತಿಳಿದೇ ಇರಲಿಲ್ಲ. ನನ್ನ ಚಪ್ಪಲಿ ಅವರ ಮಡಿಲಲ್ಲಿತ್ತು. ಅದನ್ನು ಹಿಡಿದ ಬಲಗೈಯ ಎರಡು ಬೆರಳು ಊದಿದ್ದವು. ಅಷ್ಟು ಜನ ಓಡುತ್ತಿದ್ದಾಗ ಅದನ್ನು ಹೆಕ್ಕಲು ಬಗ್ಗಿ ಬೆರಳು ತುಳಿಸಿಕೊಂಡಿದ್ದರು.

ಪೆಟ್ಟಿಗೆಯಿಂದ ಜಾರಿ ಅವರು ನನ್ನ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತರು.

"ಅಯ್ಯೋ, ಬೇಡಿ ಚಿಕ್ಕಪ್ಪ! ನೀವು ನನ್ನ ಕಾಲು..."

"ಸುಮ್ಮನಿರಮ್ಮ. ಹೋಗೋ ದಾರೀಲಿ ಗಾಜಿನ ಚೂರಿದೆ."

ಚಪ್ಪಲಿ ಮೆಟ್ಟಿಸಿದ ಮೇಲೂ ಅವರು ಮೇಲೇಳಲಿಲ್ಲ. ನೆಲ ನೋಡುತ್ತಲೇ, ಮಕ್ಕಳು ಕೇಳುವ ದನಿಯಲ್ಲಿ ಕೇಳಿದರು:

"ಜನ ಜಾಸ್ತಿ ಇದಾರೆ. ಕೈ ಹಿಡ್ಕೋತೀಯಾ?"

ಊದಿರದ ಕೈ ಹಿಡಿದು ಎಬ್ಬಿಸಿದೆ. ಮನೆಯವರೆಗೂ ನಾನೇ ಮುಂದೆ ನಡೆದೆ.