ಕೊರೊನಾ ಹೋತು, ಸುಸ್ತು ಉಳೀತು

ನಾಲ್ಕು ಜನ ವಿದ್ಯಾರ್ಥಿಗಳಿಗೆ ಬಿಳಿ ಕೋಟು ಹಾಕಿಸಿ ಒಂದು ಕೋಣೆಯಲ್ಲಿ ಕೂರಿಸಿದರೆ ಸಾಕು, ನಗಲು ಬೇರೆ ಏನೂ ಹುಡುಕಬೇಕಾಗಿಲ್ಲ. ನಾನು ಫಿಸಿಯೋಥೆರಪಿ ಕಲಿಸುವವಳು. ಕೊರೊನಾ ಹೋಗಿ ತಿಂಗಳುಗಳಾದರೂ ಸುಸ್ತು, ಏದುಸಿರು ಕಡಿಮೆಯಾಗದವರಿಗಾಗಿ ನಮ್ಮ ವಿದ್ಯಾರ್ಥಿಗಳು ನವನಗರದಲ್ಲಿ ಪ್ರತಿ ಶನಿವಾರ ಕ್ಲಿನಿಕ್ ನಡೆಸುತ್ತಿದ್ದರು. ಗುಳಿಗೆಯಿಲ್ಲ, ಸೂಜಿಯಿಲ್ಲ. ಮನೆಯಲ್ಲಿ ತಮ್ಮನ್ನು ತಾವೇ ಹೇಗೆ ನೋಡಿಕೊಳ್ಳಬೇಕೆಂದು ಹೇಳಿಕೊಡುವುದು, ಅಷ್ಟೇ. ನಾನು ಮೂಲೆಯಲ್ಲಿ ಕುಳಿತು ಎಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಬೇಕಿತ್ತು. ನಗು ತಡೆದುಕೊಳ್ಳುವುದೇ ದೊಡ್ಡ ಕೆಲಸವಾಗುತ್ತಿತ್ತು.

ಪಾಸಾಗದ ಡಾಕ್ಟರ್

ಮೊದಲ ವಾರ ಶಿರೂರಿನಿಂದ ಒಬ್ಬ ರೈತ ಅಜ್ಜ ಬಂದರು. ಬಾಗಿಲಿನಿಂದ ಕುರ್ಚಿಗೆ ಬರುವಷ್ಟರಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಎದುರಿಗಿದ್ದ ವಿದ್ಯಾರ್ಥಿನಿಯನ್ನು ನೋಡಿ, "ಡಾಕ್ಟರ್ ಎಲ್ಲಿ ಹೋಗ್ಯಾರವಾ?" ಎಂದರು.

"ನಾನ ನೋಡ್ತೇನ್ರಿ ಅಜ್ಜಾರ."

"ಪಾಸಾಗೀಯೇನು?"

"ಇಲ್ರಿ, ಮುಂದಿನ ವರ್ಷ."

"ಹಂಗಾರ ಮುಂದಿನ ವರ್ಷ ಬರ್ತೇನಿ" ಎಂದು ಅಜ್ಜ ಎದ್ದೇಬಿಟ್ಟರು. ಅವಳು ಹೇಗೋ ಕೂರಿಸಿದಳು. ಮುಕ್ಕಾಲು ಗಂಟೆ ಅವರ ಹೊಲ, ಮನೆ, ಮೆಟ್ಟಿಲು, ನಿದ್ದೆ ಎಲ್ಲ ಕೇಳಿದಳು. ಹೋಗುವಾಗ ಅಜ್ಜ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದರು: "ಮೇಡಂ, ಈ ಹುಡುಗೀನ ಪಾಸ್ ಮಾಡಬ್ಯಾಡ್ರಿ. ಪಾಸಾದ್ರ ಈಕಿನೂ ಎರಡು ಮಾತಾಡಿ ಚೀಟಿ ಬರದು ಕಳಸ್ತಾಳ."

ಊದುವ ಅಭ್ಯಾಸ

ದಿನಾ ಲಿಂಗಪೂಜೆ ಮಾಡುವ ಒಬ್ಬ ಅಮ್ಮನಿಗೆ ನಮ್ಮ ಹುಡುಗ ಉಸಿರಾಟ ಕಲಿಸುತ್ತಿದ್ದ. "ಮೂಗಿನಿಂದ ಹೂವಿನ ವಾಸನಿ ತಗೊಳ್ರಿ. ಆಮ್ಯಾಲ ದೀಪಾ ಊದಿ ಆರಿಸಿದಂಗ ಸಣ್ಣಗ ಉಸರು ಬಿಡ್ರಿ."

"ದೀಪಾ ಬಾಯಿಲೆ ಊದಬಾರ್ದಪಾ" ಎಂದು ಅಮ್ಮ ತುಟಿ ಮುಚ್ಚಿಕೊಂಡರು.

ಹುಡುಗ ಯೋಚಿಸಿ, "ಬಿಸಿ ಚಾ ಊದ್ತೀರಲ್ರಿ, ಹಂಗ ಬಿಡ್ರಿ. ದಿನಾ ಹತ್ತು ಸಲ" ಎಂದ.

ಮುಂದಿನ ಶನಿವಾರ ಅಮ್ಮ ಬಂದರು. "ಉಸರು ಚಲೋ ಆಗೇತಿ. ಆದ್ರ ನಿದ್ದಿ ಒಟ್ಟ ಇಲ್ಲ ನೋಡಪಾ."

"ಯಾಕ್ರಿ?"

"ಮತ್ತ ಊದಿದ ಹತ್ತು ಕಪ್ಪು ಚಾ ಚೆಲ್ಲಾಕ ಬರ್ತೈತೇನು?"

ಸುಸ್ತು ಯಾರಿಗೆ

ಇಳಕಲ್ಲಿನ ಒಬ್ಬ ನೇಕಾರರಿಗೆ ಮಗ್ಗದಲ್ಲಿ ಅರ್ಧ ಗಂಟೆ ಕುಳಿತರೆ ಕೈ ಸೋಲುತ್ತಿತ್ತು. ಶಕ್ತಿ ಎಲ್ಲಿ ಹೋಗುತ್ತದೆಂದು ತಿಳಿಯಲು ಬುಕ್ ಕೊಟ್ಟು, ದಿನವಿಡೀ ಮಾಡಿದ್ದನ್ನೆಲ್ಲ ಬರೆದು ತರಲು ಹೇಳಿದ್ದೆವು. ತಂದರು: ಎದ್ದೆ, ಚಾ ಕುಡಿದೆ, ನೇಯ್ದೆ, ಮಲಗಿದೆ, ಉಂಡೆ, ಮಲಗಿದೆ.

ಜೊತೆಗೆ ಬಂದಿದ್ದ ಹೆಂಡತಿ ಇಣುಕಿ ಓದಿ, "ನನಗೂ ಒಂದು ಬುಕ್ ಕೊಡವಾ" ಎಂದು ಅಲ್ಲಿದ್ದ ವಿದ್ಯಾರ್ಥಿನಿಗೆ ಹೇಳಿದರು. ಮರುವಾರ ನೋಡಿದರೆ ಅದರಲ್ಲಿ ನೀರು, ಕಸ, ರೊಟ್ಟಿ, ನೂಲು ಸುತ್ತಿದ್ದು, ಗಂಡನಿಗೆ ಹಾಸಿಗೆ ಹಾಸಿದ್ದು, ತೆಗೆದದ್ದು, ಮತ್ತೆ ಹಾಸಿದ್ದು. ಮಧ್ಯಾಹ್ನಕ್ಕೇ ಮೂರು ಪುಟ ಮುಗಿದಿತ್ತು.

ವಿದ್ಯಾರ್ಥಿನಿ ಎರಡನ್ನೂ ಓದಿ, "ಅಕ್ಕಾರ, ನೀವು ದಿನಾ ಎರಡು ತಾಸು ಮಲಗಬೇಕ್ರಿ" ಎಂದಳು.

ನೇಕಾರರು ಮೆಲ್ಲಗೆ ಕೇಳಿದರು: "ಕೊರೊನಾ ಆಗಿದ್ದು ಯಾರಿಗವಾ?"

ಬಸ್ಸಿನಲ್ಲಿ ಬಂದದ್ದು

ಹುನಗುಂದದ ನಿವೃತ್ತ ಮಾಸ್ತರೊಬ್ಬರಿಗೆ ಎಂಟು ತಿಂಗಳಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ. "ನಮ್ಮಾಕಿ ಒಗ್ಗರಣಿ ಹಾಕಿದ್ರ ಸಪ್ಪಳ ಅಷ್ಟ ಕೇಳಸ್ತೈತ್ರಿ" ಎಂದರು. ನಮ್ಮ ಹುಡುಗರು ಬೆಳಿಗ್ಗೆ, ಸಂಜೆ ಲವಂಗ, ಯಾಲಕ್ಕಿ, ನಿಂಬೆಹಣ್ಣು ಮೂಸುವ ಅಭ್ಯಾಸ ಕೊಟ್ಟರು. ಮೂರು ತಿಂಗಳಾದರೂ ಏನೂ ಆಗಲಿಲ್ಲ. ಮಾಸ್ತರು ಇನ್ನು ಬಿಟ್ಟುಬಿಡುತ್ತೇನೆ ಎನ್ನುತ್ತಿದ್ದರು.

ಒಂದು ಶನಿವಾರ ಅವರು ಯಾರೋ ಒಬ್ಬ ತರುಣನ ಕೈ ಹಿಡಿದು ಎಳೆದುಕೊಂಡೇ ಒಳಗೆ ಬಂದರು. ತರುಣ ಇಸ್ತ್ರಿ ಅಂಗಿ ಹಾಕಿ, ತಲೆ ನೀಟಾಗಿ ಬಾಚಿದ್ದ. ಮಾಸ್ತರ ಕಣ್ಣಲ್ಲಿ ನೀರು.

"ವಾಸನಿ ಬಂತ್ರಿ ಮೇಡಂ. ಬಸ್ಸಿನ್ಯಾಗ ಇವರು ಬಾಜೂಕ ಕುಂತು ಬೂಟು ಬಿಚ್ಚಿದ್ರು. ಬಂದ ಬಿಡ್ತು. ದೇವರಂಗ ಸಿಕ್ರು."

ಹುಡುಗರು ಚಪ್ಪಾಳೆ ತಟ್ಟಿದರು. ಒಬ್ಬ ಹೋಗಿ ತರುಣನ ಕೈ ಕುಲುಕಿದ. ಅವನ ಮುಖ ಮಾತ್ರ ಸಣ್ಣಗಾಗಿತ್ತು. "ಸರ, ಅಷ್ಟು ನಾರ್ತಾವೇನ್ರಿ? ನಾ ಇಲ್ಲೇ ಹೆಣ್ಣು ನೋಡಾಕ ಹೊಂಟೇನಿ" ಎಂದ.

ಮಾಸ್ತರು ಬಗ್ಗಿ ಇನ್ನೊಮ್ಮೆ ಮನಸಾರೆ ಮೂಸಿದರು. ಕಣ್ಣೊರೆಸಿಕೊಂಡು ಅವನ ಹೆಗಲ ಮೇಲೆ ಕೈಯಿಟ್ಟರು.

"ಕಾಲುಚೀಲ ಇಲ್ಲೇ ಬಿಟ್ಟು ಹೋಗ್ರಿ ತಮ್ಮಾ. ಹುಡುಗಿ ಮನ್ಯಾಗ ಎಲ್ಲಾರ ಮೂಗೂ ನನ್ನಂಗ ಕೆಟ್ಟಿರಂಗಿಲ್ಲ."