ಹುಟ್ಟದ ಕಾರಿಗೆ ಯಜಮಾನ

ಹುಟ್ಟಿಲ್ಲದೆಯೂ ಇರುವವನು, ಇದ್ದೂ ಕಣ್ಣಿಗೆ ಬೀಳದವನು, ಗರುಡನ ಹೆಗಲೇರಿ ಭಕ್ತನ ಕೂಗಿಗೆ ಹೊತ್ತು ಮೀರದೆ ಒದಗುವವನು, ಆ ಶ್ರೀಹರಿಗೆ ಮೊದಲ ನಮಸ್ಕಾರ. ಅವನ ಬಂಟನಾದ ಪ್ರಾಣದೇವರಿಗೆ ಎರಡನೆಯದು. ಹುಟ್ಟದೆಯೇ ಉಳಿದುಹೋದ ಕಾರೊಂದರ ಚರಿತ್ರೆಯನ್ನು ಹೇಳಹೊರಟಿರುವಾಗ ನಾಲಿಗೆ ತಪ್ಪದಂತೆ ಅವರೇ ಕಾಯಬೇಕು.

ಚಿತ್ತಾಪುರದ ಪವಮಾನಾಚಾರ್ಯರಿಗೆ ಶಾಸ್ತ್ರದಲ್ಲಿ ಬಾರದ್ದು ಯಾವುದೂ ಇರಲಿಲ್ಲ. ಲೋಕದಲ್ಲಿ ಬಾರದ್ದು ಒಂದೇ, 'ಆಗುವುದಿಲ್ಲ' ಎನ್ನುವುದು. ಕರೆದವರ ಮನೆಗೆಲ್ಲ ಹೋಗುವರು, ಆದ್ದರಿಂದ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗರು. ಸೇಡಂನ ಗುಡಿಯಲ್ಲಿ ಹದಿನೆಂಟು ವರ್ಷಗಳಿಂದ ಸಪ್ತಾಹದ ಪ್ರವಚನ ಅವರದೇ. ಈ ಸಲ ಆರೂ ದಿನ ತಡವಾಗಿ ಬಂದದ್ದನ್ನು ಕಂಡು, ಗುಡಿಯ ಮೇಲ್ವಿಚಾರಣೆಯ ಸರಸ್ವತಿಬಾಯಿ ಖಡಾಖಂಡಿತವಾಗಿ ಹೇಳಿದ್ದರು.

"ನಾಳೆ ಸಪ್ತಾಹ ಮುಗಿಯೋ ಮಂಗಳದ ದಿವಸ ಆಚಾರ್ರ. ಸಂಜಿ ಐದಕ್ಕ ನೀವು ಪೀಠದ ಮ್ಯಾಲೆ ಇರ್ಲಿಲ್ಲಂದ್ರ ಸುಜಯಾಚಾರ್ರನ್ನ ಕೂಡಿಸ್ತೀನಿ. ಮುಂದಿನ ವರ್ಷಾನೂ ಅವ್ರೇ."

ವಾಡಿಯ ಸುಜಯಾಚಾರ್ಯ ಇಪ್ಪತ್ತೆಂಟರ ತರುಣ. ಕಂಠ ಮಧುರ, ಗಡಿಯಾರ ಸರಿ. ಆ ಹೆಸರು ಕೇಳಿದೊಡನೆ ಪವಮಾನಾಚಾರ್ಯರಿಗೆ ಪೀಠವು ತಮ್ಮ ಕೆಳಗಿಂದ ಮೆಲ್ಲಗೆ ಸರಿದಂತಾಯಿತು. ಆದರೂ ಮರುದಿನ ಮುಂಜಾನೆ ಶಹಾಬಾದದ ಫರಸಿಕಲ್ಲಿನ ವ್ಯಾಪಾರಿ ಧರ್ಮಣ್ಣ ಫೋನು ಮಾಡಿ, "ಒಂದ್ ತಾಸಿನ ಕೆಲಸ್ರಿ, ಒಂದು ಶಾಂತಿ ಮಾಡಿಕೊಡ್ರಿ" ಎಂದಾಗ ಅವರ ಬಾಯಿಂದ ಹೊರಟದ್ದು "ಆಗ್ಲಿ" ಎಂಬುದೇ.

ಧರ್ಮಣ್ಣನ ಅಂಗಳದಲ್ಲಿ ಕಲ್ಲು ಕೊಯ್ಯುವ ಯಂತ್ರಗಳು ಮೂಕವಾಗಿದ್ದವು. ಆಳುಗಳು ಗೇಟಿನ ಹೊರಗೆ ಕುಳಿತಿದ್ದರು. ಕಲ್ಲಿನ ಪುಡಿ ಮರ, ಗೋಡೆ, ನಾಯಿ ಎಲ್ಲವನ್ನೂ ಒಂದೇ ಬೂದುಬಿಳಿಯಾಗಿಸಿತ್ತು. ಒಳಗೆ ತಗಡಿನ ನೆರಳಲ್ಲಿ ಕೆಂಪು ಕಾರೊಂದು ಮಾತ್ರ ಈಗತಾನೆ ಎಣ್ಣೆ ನೀರು ಹಾಕಿಸಿಕೊಂಡ ಕೂಸಿನಂತೆ ಹೊಳೆಯುತ್ತಿತ್ತು. ಎರಡೇ ಬಾಗಿಲು, ತಗ್ಗಾದ ತಲೆ, ಓಡಲು ಮೈ ಮುದುಡಿದ ಚಿಗರೆಯ ನಿಲುವು.

"ದಿನಾ ಒರಸ್ತೀರೇನು?"

"ಯಾರ್ ಮುಟ್ಟತಾರ್ರಿ ಅದನ್ನ!" ಎಂದ ಧರ್ಮಣ್ಣ, ಅದಕ್ಕೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ. "ಅದ್ರಾಗ ಇಂಜಿನ್ನೇ ಇಲ್ರಿ. ಖರೇ ಹೇಳ್ತೀನಿ, ವೈರ್ ಸುದ್ದಾ ಇಲ್ಲ. ಆದ್ರೂ ನಡು ಮಧ್ಯಾಹ್ನ ಹಾರ್ನ್ ಹೊಡಿಲಿಕತ್ತದ. ಆಳು ಕೆಲಸಕ್ಕ ಬರ್ವಲ್ರು."

ಆ ಕಾರಿನ ಪೂರ್ವವೃತ್ತಾಂತ ಹೀಗೆ. ಇಪ್ಪತ್ತು ವರ್ಷಗಳ ಹಿಂದೆ ಪುಣೆಯ ಕಡೆಯ ಒಂದು ಕಂಪನಿ ತರುಣರಿಗೆಂದು ಚುರುಕಿನ ಸಣ್ಣ ಕಾರೊಂದನ್ನು ಯೋಚಿಸಿ, ಮೊದಲು ಜೇಡಿಮಣ್ಣಿನಲ್ಲಿ, ಆಮೇಲೆ ಫೈಬರಿನಲ್ಲಿ ಮಾದರಿ ಮಾಡಿಸಿತು. ಆರು ಜನ ಅದನ್ನು ನೂಕಿ ದಿಲ್ಲಿಯ ಪ್ರದರ್ಶನದ ಮಂಟಪಕ್ಕೆ ಏರಿಸಿದರು. ಆರು ದಿನ ಅದು ತಿರುಗುವ ಪೀಠದ ಮೇಲೆ ಗಿರಗಿರ ತಿರುಗಿತು. ಜನ ಮುಗಿಬಿದ್ದು ನಮಗೂ ಒಂದು ಬೇಕೆಂದು ಹೆಸರು ಬರೆಸಿದರು. ಏಳನೆಯ ದಿನ ಕಂಪನಿಯ ಹಿರಿಯರು ಸಭೆ ಕೂಡಿ, ಎರಡೇ ಬಾಗಿಲಿನ ಕಾರಿನಲ್ಲಿ ಅತ್ತೆಯನ್ನು ಹಿಂದಿನ ಸೀಟಿಗೆ ದಾಟಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಗದೆ, ಯೋಜನೆಯನ್ನೇ ಕೈಬಿಟ್ಟರು. ಅದರ ರೂಪವನ್ನು ಬರೆದ ಶಿಲ್ಪಿ ಕೆಲಸ ಬಿಡುವ ದಿನ ಅದರ ಬದಿಯ ಕನ್ನಡಿಗೆ ಬಾಯಿ ತಾಗಿಸಿ, 'ನಿನಗೂ ಒಬ್ಬ ಯಜಮಾನ ಬರುತ್ತಾನೆ' ಎಂದು ಪಿಸುಗುಟ್ಟಿ ಹೋದನಂತೆ. ಮುಂದೆ ಅದು ಒಬ್ಬ ಅಧಿಕಾರಿಯ ಅತಿಥಿಗೃಹದಲ್ಲಿ ಅಲಂಕಾರವಾಗಿ, ಗುಜರಿಯವನ ಸರಕಾಗಿ, ಕೊನೆಗೆ ಧರ್ಮಣ್ಣನ ಗೇಟಿನ ಶೋಭೆಯಾಗಿ ಬಂತು. ಹೋದಲ್ಲೆಲ್ಲ ಲಾರಿಯ ಮೇಲೆಯೇ ಹೋಯಿತು. ನೆಲದ ಮೇಲೆ ಒಂದು ಮೈಲಿಯನ್ನೂ ಕಾಣದ ಕಾರು ಅದು.

"ಇದು ಜನ್ಮ ಸಿಗದ ಜೀವ," ಎಂದು ನಿರ್ಣಯಿಸಿದ ಆಚಾರ್ಯರು, ಅದಕ್ಕೆ ಯಜಮಾನನ ಪ್ರಾಪ್ತಿಯಾಗಲೆಂದು ಸಂಕಲ್ಪ ಹಿಡಿದರು. ಧರ್ಮಣ್ಣನ ಗೋತ್ರ ಕೇಳಬೇಕೆನ್ನುವಷ್ಟರಲ್ಲಿ ಅವನು ಯಾರೋ ಗಿರಾಕಿಯ ಫೋನು ಬಂದು ಹೊರಗೆ ಹೋದ. ಗಡಿಯಾರ ಒಂದು ದಾಟಿತ್ತು. ನೀರು ಬಿಟ್ಟರು, ಕಾಯಿ ಒಡೆದರು, ಚಕ್ರಗಳಿಗೆ ನಿಂಬೆಹಣ್ಣು ಇಟ್ಟರು, ಹೊರಟರು.

ವಾಡಿಗೆ ಹೋಗುವ ಇಸಾಕನ ಟಂಟಂ ಆಟೋದಲ್ಲಿ ಎದುರು ಸೀಟಿಗೆ ಪೀರಮ್ಮ ಎಂಬ ಮುದುಕಿ ಕುಳಿತಿದ್ದಳು. ಹಿಂದಕ್ಕೆ ಮುಖಮಾಡಿದ್ದ ಆಕೆ ಸ್ವಲ್ಪ ಹೊತ್ತು ದಾರಿ ನೋಡಿ, "ಸ್ವಾಮ್ಯಾರ, ಆ ಕೆಂಪು ಗಾಡಿ ನಿಮ್ದೇನ್ರಿ?" ಎಂದಳು.

ಆಚಾರ್ಯರು ತಿರುಗಿ ನೋಡಿದರು. ನೂರು ಮಾರು ಹಿಂದೆ ಕಾರು ಬರುತ್ತಿತ್ತು. ಒಳಗೆ ಯಾರೂ ಇರಲಿಲ್ಲ, ಸದ್ದೂ ಇರಲಿಲ್ಲ. ರಸ್ತೆಯ ಧೂಳಿನಲ್ಲಿ ಟಂಟಂನ ಮೂರು ಗೆರೆ ಬಿದ್ದಿದ್ದವು. ಅದರ ಮೇಲೆ ಹಾಯ್ದುಬಂದ ಆ ಗಾಲಿಗಳದು ಒಂದೂ ಇಲ್ಲ.

"ಇಸಾಕಾ, ಜಲ್ದಿ ಓಡ್ಸಪಾ!"

ಇಸಾಕ ಓಡಿಸಿದ. ಅದೂ ಓಡಿತು. ಇಸಾಕ ನಿಲ್ಲಿಸಿದ. ಅದೂ ನಿಂತಿತು, ಒಡೆಯನ ಬೆನ್ನು ಬಿಡದ ಆಕಳ ಕರುವಿನಂತೆ, ಅದೇ ನೂರು ಮಾರು ದೂರದಲ್ಲಿ.

"ಯಾ ಅಲ್ಲಾ! ಡ್ರೈವರೇ ಇಲ್ಲಲ್ರಿ ಅದಕ್ಕ!"

"ಪೂಜಿ ಯಾರ ಹೆಸರಿಲೆ ಮಾಡಿದ್ರಿ ಸ್ವಾಮ್ಯಾರ?" ಎಂದಳು ಪೀರಮ್ಮ, ಸಂಗತಿಯೆಲ್ಲ ಕೇಳಿ ತಿಳಿದ ಮೇಲೆ.

ಆಚಾರ್ಯರು ತಾವು ಹೇಳಿದ ಸಂಕಲ್ಪವನ್ನು ನೆನಪಿಗೆ ತಂದುಕೊಂಡರು. ಮೂವತ್ತು ವರ್ಷ ದಿನಾ ಮುಂಜಾನೆ ಮನೆಯ ದೇವರ ಮುಂದೆ ಹೇಳಿದ ಸಂಕಲ್ಪವೇ ಅವಸರದಲ್ಲಿ ನಾಲಿಗೆಗೆ ಬಂದಿತ್ತು: ತಮ್ಮದೇ ಗೋತ್ರ, ತಮ್ಮದೇ ನಕ್ಷತ್ರ, ತಮ್ಮದೇ ಹೆಸರು.

"ಹಂಗಾರ ಅದು ನಿಮ್ದೇ ಆತ್ರಿ," ಎಂದು ಪೀರಮ್ಮ ತೀರ್ಪು ಕೊಟ್ಟಳು. "ಇಪ್ಪತ್ ವರ್ಷ ಹಾದಿ ಕಾದದ. ಬಿಡ್ತದೇನು?"

ವಾಡಿಯಲ್ಲಿ ಇಸಾಕ ಕೈಮುಗಿದು ಇಳಿಸಿದ. "ಆಚಾರ್ ಸಾಬ್, ರೊಕ್ಕ ಬ್ಯಾಡ್ರಿ. ನಿಮ್ ಗಾಡಿ ಹಿಂದೇ ನಿಂತದಲ್ಲ, ಅದ್ರಾಗೇ ಹೋಗ್ರಿ." ಸೇಡಂ ಬಸ್ಸಿನ ಕಂಡಕ್ಟರ್ ಹಿಂದೆ ನಿಂತ ಕಾರನ್ನೂ ಅದರ ಖಾಲಿ ಸೀಟನ್ನೂ ಒಮ್ಮೆ ನೋಡಿ, ಸೀಟಿ ಊದಿ, ಆಚಾರ್ಯರನ್ನು ಹತ್ತಿಸದೆಯೇ ಬಸ್ಸು ಬಿಡಿಸಿಬಿಟ್ಟ. ಜನ ಕೂಡಿದರು. ಪೆಟ್ರೋಲ್ ಹಾಕಿರೆಂದವರು ಕೆಲವರು, ಬೆಂಕಿ ಹಚ್ಚಿರೆಂದವರು ಕೆಲವರು. ಮೂರೂವರೆಯ ಉರಿಬಿಸಿಲಿನಲ್ಲಿ ಆಚಾರ್ಯರು ಸೇಡಂಗೆ ಹೋಗುವ ಚಿತ್ತಾಪುರದ ದಾರಿ ಹಿಡಿದು ನಡೆದೇಬಿಟ್ಟರು.

ಎರಡೂ ಕಡೆ ತೊಗರಿಯ ಹೊಲ. ಒಂದು ಹಕ್ಕಿಯ ದನಿಯೂ ಇಲ್ಲ. ಕಾರು ಈಗ ಪಕ್ಕಕ್ಕೇ ಬಂದು ಅವರ ಹೆಜ್ಜೆಗೆ ಹೆಜ್ಜೆ ಕೂಡಿಸಿತು. ಬಾಗಿಲು ತಾನಾಗಿ ತೆರೆಯಿತು. ಒಳಗಿನ ಮೆತ್ತೆಯ ಮೇಲೆ, ಈಗತಾನೆ ಯಾರೋ ಎದ್ದುಹೋದಂತೆ, ಮನುಷ್ಯ ಕುಳಿತ ತಗ್ಗು ಇತ್ತು. ನೋಡನೋಡುತ್ತಿದ್ದಂತೆ ಆ ತಗ್ಗು ತುಸು ಅಗಲವಾಗಿ, ಸರಿಯಾಗಿ ಆಚಾರ್ಯರ ಅಳತೆಗೆ ಬಂತು.

"ಒಲ್ಲೆ ತಾಯಿ, ಕೂಡೂದಿಲ್ಲ," ಎಂದರು ಆಚಾರ್ಯರು. ಬಾಳಿನಲ್ಲಿ ಅವರು ಹೇಳಿದ ಮೊದಲ 'ಒಲ್ಲೆ' ಅದೇ. ಕಾರು ಕೇಳಿಸಿಕೊಳ್ಳಲಿಲ್ಲ.

ನಾಲ್ಕೂಕಾಲು ಗಂಟೆಗೆ ಒಂದು ಸಣ್ಣ ಸೇತುವೆಯ ಬಳಿ ಸ್ಕೂಟರು ನಿಲ್ಲಿಸಿಕೊಂಡು ಹತಾಶನಾಗಿ ನಿಂತಿದ್ದವನು ಸುಜಯಾಚಾರ್ಯ. ಅವಶ್ಯಕತೆ ಬಿದ್ದರೆ ಇರಲಿ ಎಂದು ಸರಸ್ವತಿಬಾಯಿ ಕರೆಸಿದ್ದರು. ಗಾಲಿ ಪಂಕ್ಚರ್ ಆಗಿತ್ತು.

"ನಮಸ್ಕಾರ್ರೀ ಆಚಾರ್ರ. ಯಾರದ್ರೀ ಈ ಕಾರು? ಭಾಳ ಛಂದ ಅದ!"

ಆಚಾರ್ಯರಿಗೆ ಮಿಂಚು ಹೊಳೆಯಿತು. ಯಜಮಾನನಾದವನಿಗೆ ದಾನ ಮಾಡುವ ಅಧಿಕಾರವುಂಟಲ್ಲವೆ! "ನಂದಪಾ. ನಿನಗ ದಾನ ಕೊಡ್ಬೇಕಂತ ಮಾಡೀನಿ. ಕೈ ಒಡ್ಡು, ಕೈ ಒಡ್ಡು."

"ಇಷ್ಟ್ ದೊಡ್ಡ ದಾನಾ? ನನಗ?"

"ಪಾತ್ರ ನೋಡೇ ಕೊಡ್ಲಿಕ್ಕತ್ತೀನಿ. ತಡಾ ಮಾಡ್ಬ್ಯಾಡ."

ತಂಬಿಗೆಯಲ್ಲಿ ಉಳಿದ ನೀರನ್ನು ಅವನ ಅಂಗೈಗೆ ಬಿಟ್ಟು 'ನ ಮಮ', ನನ್ನದಲ್ಲ, ಎಂದು ಮೂರು ಸಲ ಗಟ್ಟಿಯಾಗಿ ಹೇಳಿದರು. ಸುಜಯ ಒಳಗೆ ಕೂತು, "ಕೀಲಿ ಎಲ್ಲದ್ರಿ?" ಎನ್ನುವುದರೊಳಗೆ ಬಾಗಿಲು ಮುಚ್ಚಿತು. ಕಾರು ಬಿಟ್ಟ ಬಾಣದಂತೆ, ಆದರೆ ಬಾಣದಷ್ಟೂ ಸದ್ದಿಲ್ಲದೆ, ಸೇಡಂನ ದಿಕ್ಕಿಗೆ ಮಾಯವಾಯಿತು.

ಆಚಾರ್ಯರು ಹಗುರಾಗಿ ನಕ್ಕರು. ಆಮೇಲೆ ದಾರಿಯನ್ನು ನೋಡಿದರು, ಸ್ಕೂಟರನ್ನು ನೋಡಿದರು, ನಗು ನಿಲ್ಲಿಸಿದರು.

ಐದು ದಾಟಿ ಐದು ನಿಮಿಷಕ್ಕೆ ಸರಸ್ವತಿಬಾಯಿಯ ಫೋನು ಬಂತು. "ಸುಜಯಾಚಾರ್ರು ಹತ್ತು ನಿಮಿಷ ಮೊದಲೇ ಬಂದು ಪೀಠ ಏರ್ಯಾರ. ಏನ್ ಛಂದ ಹೇಳ್ಲಿಕ್ಕತ್ತಾರ ಅಂತೀರಿ! ನೀವು ಸಾವಕಾಶ ಬರ್ರಿ, ಪ್ರಸಾದ ತೆಗೆದಿಡ್ತೀವಿ."

"ಮತ್ತ... ಅವ್ರ ಕಾರು?"

"ಅವ್ರನ್ನ ಇಳಿಸಿದ್ದೇ ತಡ, ತಿರುಗಿ ಹೋತಲ್ರಿ. ಡ್ರೈವರ್ ಯಾರಂತ ಕಾಣ್ಲಿಲ್ಲ."

ಫೋನು ಇಳಿಸಿದ ಆಚಾರ್ಯರು ಸೊಂಟ ತಡವಿಕೊಂಡರು. ದಕ್ಷಿಣೆಯಿಲ್ಲದ ದಾನ ದಾನವೇ ಅಲ್ಲವೆಂಬುದನ್ನು ಅವರು ಎಷ್ಟು ಮಂದಿ ಶಿಷ್ಯರಿಗೆ ಪಾಠ ಹೇಳಿರಲಿಲ್ಲ! ನೀರು ಬಿಟ್ಟಿದ್ದರು, ಮಂತ್ರ ಹೇಳಿದ್ದರು. ಸೊಂಟದಲ್ಲಿದ್ದ ಹನ್ನೊಂದು ರೂಪಾಯಿಯನ್ನು ಅವನ ಕೈಗಿಡುವುದನ್ನು ಮರೆತಿದ್ದರು.

ಇಳಿಬಿಸಿಲಿನ ಆ ತುದಿಯಲ್ಲಿ ಕೆಂಪು ಚುಕ್ಕೆಯೊಂದು ಮೂಡಿ, ದೊಡ್ಡದಾಗುತ್ತ ಬಂದು, ಅವರ ಮುಂದೆ ನಿಂತು, ಬಾಗಿಲು ತೆರೆಯಿತು. ಆಚಾರ್ಯರು ಹರಿಸ್ಮರಣೆ ಮಾಡಿ ಒಳಗೆ ಕೂತರು. "ಸೇಡಂ," ಎಂದರು. ಕಾರು ಅತ್ತ ಹೋಗಲಿಲ್ಲ. ಇಪ್ಪತ್ತು ವರ್ಷ ಕಾದದ್ದು. ಮೊದಲು ಯಜಮಾನನ ಜೊತೆ ಊರೆಲ್ಲ ತಿರುಗಬೇಕಾಗಿತ್ತು ಅದಕ್ಕೆ.

ಇದನ್ನು ಕೇಳಿದವರಿಗೂ ಓದಿದವರಿಗೂ ಶ್ರೀಹರಿ ಆಯುರಾರೋಗ್ಯವನ್ನು ಕೊಡಲಿ. ಹೊರಟವರು ಹೊತ್ತಿಗೆ ತಲುಪಲಿ, ತಲುಪಿದವರು ಸುಖವಾಗಿ ಮನೆಗೆ ಮರಳಲಿ, ಹುಟ್ಟದೆ ಉಳಿದವಕ್ಕೂ ಒಂದು ನೆಲೆ ಸಿಗಲಿ. ಸರ್ವರಿಗೂ ಮಂಗಳವಾಗಲಿ.